ಗುದ್ದಿ ಓಡಿದವನನ್ನು ಎಳೆತರುವ ಯಂತ್ರ

"ಈ ಬಟನ್ ಒತ್ತಿದ್ರ ಸಾಕು, ಗುದ್ದಿ ಓಡಿದ ಗಾಡಿ ಎಲ್ಲಿದ್ರೂ ಎಳಕೊಂಡ ಬರ್ತೈತಿ!" ಎಂದು ದ್ಯಾಮಣ್ಣ ಕಾಕಾ ವಿಮಾ ಕಚೇರಿಯ ಮುಂದೆ ಎದೆಯುಬ್ಬಿಸಿ ನಿಂತ. ಹಳೆಯ ಮಿಕ್ಸರಿನ ಮೋಟಾರು, ಡಿಶ್ ಆಂಟೆನಾದ ಬುಟ್ಟಿ, ಕುಕ್ಕರಿನ ಸೀಟಿ, ಇಷ್ಟು ಸೇರಿದ್ದೇ ಅವನ ಹೊಸ ಯಂತ್ರ. ನೆಗ್ಗಿದ ಜಾಗಕ್ಕೆ ಅಂಟಿದ ಬಣ್ಣದ ವಾಸನೆ ಹಿಡಿದು, ಅದೇ ಬಣ್ಣ ಎಲ್ಲಿದ್ದರೂ ಸೆಳೆದು ತರುತ್ತದಂತೆ!

ಅವನ ಅಣ್ಣನ ಮಗ ಯಮನೂರನಿಗೆ ಬೇರೆ ದಾರಿಯೇ ಉಳಿದಿರಲಿಲ್ಲ. ದಸರೆಗೆ ಮುಂಚೆ ಯಾವನೋ ಕಾರಿನವನು ಅವನ ಗೂಡ್ಸ್ ಆಟೋದ ಮೂತಿ ಜಜ್ಜಿ, ತಿರುಗಿಯೂ ನೋಡದೆ ಪರಾರಿಯಾಗಿದ್ದ. ಮನೆ ನಡೆಯುತ್ತಿದ್ದುದೇ ಆ ಆಟೋದಿಂದ. ಹಬ್ಬ ಮುಗಿದು ಕಚೇರಿ ತೆರೆದ ಕೂಡಲೇ ಅದನ್ನು ಹಗ್ಗ ಕಟ್ಟಿ ಎಳೆದು ತಂದಿದ್ದರು. ವಿಮೆಯ ಮುನವಳ್ಳಿ ಸಾಹೇಬರದು ಮಾತ್ರ ಹಬ್ಬಕ್ಕೆ ಮುಂಚೆ ಹಾಡಿದ ರಾಗವೇ.

"ಗುದ್ದಿದ ಡ್ರೈವರ್‌ನ ಕರಕೊಂಡ ಬಾ, ಆಮ್ಯಾಲ ನಿನ್ನ ಪರಿಹಾರದ ಅರ್ಜಿಗೆ ಸಹಿ ಮಾಡ್ತೀನಿ."

"ಓಡಿಹೋದಾಂವ ನನಗ ವಿಳಾಸ ಕೊಟ್ಟ ಓಡ್ಯಾನೇನ್ರಿ?" ಯಮನೂರ ಕೆಂಡವಾದ. "ಕಂತು ಇಸಗೊಳ್ಳುವಾಗ ಇದನ್ನ ಯಾಕ ಹೇಳಲಿಲ್ಲ? ಎಂಟನೇ ಕ್ಲಾಸಿಗೆ ಸಾಲಿ ಬಿಟ್ಟಾಂವ ಅಂತ ಆಟ ಆಡಸ್ತೀರೇನು?"

"ಲೇ, ಬಾಯಿ ಮುಚ್ಚಿ ಬಟನ್ ಒತ್ತು!" ಎಂದ ಕಾಕಾ.

ಒತ್ತಿದ. ಸೀಟಿ ಕೂಗಿತು. ಮೊದಲು ಓಡಿ ಬಂದದ್ದು ಎದುರಂಗಡಿಯ ಹೊಲಿಗೆ ಯಂತ್ರ! ಅದರ ಹಿಂದೆ ಅರ್ಧ ಹೊಲಿದ ಜಂಪರು ಹಿಡಿದ ದರ್ಜಿ. ಆಮೇಲೆ ಸವಾರರಿಲ್ಲದ ಸ್ಕೂಟರುಗಳು, ಕಿರಾಣಿ ಅಂಗಡಿಯ ತಕ್ಕಡಿ, ಒಂದು ಟ್ರ್ಯಾಕ್ಟರು. ಎಲ್ಲವೂ ಧಡಾರನೆ ಬಂದು ಆಟೋಕ್ಕೇ ಬಡಿದವು.

"ಕಾಕಾ, ನನಗ ಗುದ್ದಿದ್ದು ಹೊಲಿಗಿ ಮಷೀನ್ ಅಲ್ಲೋ!"

ಕಾಕಾ ನೆಗ್ಗಿದ ಮೂತಿಯನ್ನು ಬೆರಳಿನಿಂದ ಉಜ್ಜಿ ನೋಡಿ ಬೆಚ್ಚಿಬಿದ್ದ. "ಇದೇನೋ ಇಲ್ಲೆ ಕೆಂಪು?"

"ಆಯುಧಪೂಜಿ ದಿನ ಅವ್ವ ಹಚ್ಚಿದ ಕುಂಕುಮ. ಪಾಪ, ಗಾಡಿಗೆ ಪೆಟ್ಟಾಗೇತಿ ಅಂತ ಅಲ್ಲೇ ಒಂದ ಹಿಡಿ ಜಾಸ್ತಿ ಬಡದಾಳ!"

ಯಂತ್ರ ಹಿಡಿದದ್ದು ಕಾರಿನ ಬಣ್ಣವನ್ನಲ್ಲ, ಈ ಕುಂಕುಮವನ್ನು! ಆಯುಧಪೂಜೆಯಲ್ಲಿ ಕುಂಕುಮ ಕಾಣದ ಕಬ್ಬಿಣ ಹುಬ್ಬಳ್ಳಿಯಲ್ಲಿ ಎಲ್ಲಿದೆ? ಯಂತ್ರ ನಿಲ್ಲಿಸಲು ಹೋದರೆ ಬಟನ್ನೇ ಕಿತ್ತು ಕೈಗೆ ಬಂತು. ಅಷ್ಟರಲ್ಲಿ ಕಚೇರಿಯೊಳಗೆ ಗುಡುಗಿದಂತಾಯಿತು. ಹಣೆತುಂಬ ಕುಂಕುಮ ಮೆತ್ತಿಕೊಂಡ ಕಬ್ಬಿಣದ ಅಲ್ಮೇರಾ ಧಡಧಡ ಮೆಟ್ಟಿಲಿಳಿದು, ಆಟೋದ ಕಡೆಗೆ ತೆವಳುತ್ತಿದ್ದ ಸಾಹೇಬರ ಕಾರಿನ ಮೇಲೆಯೇ ಬೋರಲು ಬಿತ್ತು!

"ಅಯ್ಯಯ್ಯೋ, ನನ್ನ ಕಾರು! ಇದನ್ನ ಯಾರು ತುಂಬಿಕೊಡ್ತಾರ?"

ಯಮನೂರ ಸೊಂಟದ ಮೇಲೆ ಕೈಯಿಟ್ಟು ನಿಂತ. "ಅಲ್ಮೇರಾದ ಡ್ರೈವರ್‌ನ ಕರಕೊಂಡ ಬರ್ರಿ ಸಾಹೇಬ್ರ. ಆಮ್ಯಾಲ ನೋಡೂಣು!"

ಸಾಹೇಬರು ಒಳಗೋಡಿ ತಮ್ಮ ಕಾರಿನ ಪರಿಹಾರಕ್ಕೂ ಒಂದು ಅರ್ಜಿ ತಂದರು. ಅದರಲ್ಲಿ 'ಗುದ್ದಿದವರು ಯಾರೆಂದು ತಿಳಿಯದು' ಎಂದು ಬರೆದುಕೊಂಡರು. ಯಮನೂರ ತಟ್ಟನೆ ತನ್ನ ಅರ್ಜಿಯನ್ನೂ ಅದರ ಪಕ್ಕ ಇಟ್ಟ. ಅದಕ್ಕೂ ಅದೇ ಮಾತು ಬಿತ್ತು, ಸಹಿಯೂ ಬಿತ್ತು.

ಸಂಜೆಯ ತನಕ ಊರಿನ ಕಬ್ಬಿಣವೆಲ್ಲ ಬಂದು ಗುಡ್ಡೆಯಾಯಿತು. ಗುದ್ದಿದ ಆ ಕಾರು ಮಾತ್ರ ಬರಲಿಲ್ಲ.

"ಯಂತ್ರದ ತಪ್ಪಲ್ಲೋ," ಎಂದ ಕಾಕಾ. "ಆ ಮಗ ಪೂಜಿಗೂ ಗಾಡಿ ನಿಲ್ಲಿಸಿಲ್ಲ. ಇನ್ನೂ ಓಡಾಕತ್ತಾನ!"