ಮಾವ ಡೇಟಾಬೇಸ್ ಕೊಂಡದ್ದು

ನಮ್ಮ ಸೋದರಮಾವನ ಮುಂದೆ ಯಾವ ವಸ್ತುವನ್ನೂ ಎರಡು ನಮೂನೆಯಲ್ಲಿ ಇಡಬಾರದು. ಒಂದೇ ಇದ್ದರೆ ಕಣ್ಣು ಮುಚ್ಚಿ ಕೊಂಡು ತರುವ ಧೀರ ಅವರು. ಎರಡಿದ್ದರೆ ಮುಗಿಯಿತು, ಅಂಗಡಿಯವನು ಅವತ್ತು ಬಾಗಿಲು ಹಾಕಿ ಮನೆಗೆ ಹೋಗುವುದೂ ಅನುಮಾನ. ಒಮ್ಮೆ ಹೊಸಪೇಟೆಯಲ್ಲಿ ಸಾದಾ ಚಪ್ಪಲಿಯೋ ದುಬಾರಿ ಚಪ್ಪಲಿಯೋ ತೀರ್ಮಾನವಾಗದೆ ಎರಡೂ ಜೊತೆ ಕೊಂಡರು. ಎಡಗಾಲಿಗೆ ಸಾದಾ, ಬಲಗಾಲಿಗೆ ದುಬಾರಿ ಮೆಟ್ಟಿಕೊಂಡು ವಾರವಿಡೀ ಪರೀಕ್ಷೆ ನಡೆಸಿದರು. ಅದೇ ಅವತಾರದಲ್ಲಿ ಹಂಪಿಗೂ ಹೋದರು. ಅಲ್ಲೊಬ್ಬ ಪ್ರವಾಸಿ, ಇದು ಯಾವುದೋ ಹರಕೆಯಿರಬೇಕೆಂದುಕೊಂಡು ಅವರ ಪಾದಗಳ ಫೋಟೋ ತೆಗೆದುಕೊಂಡ!

ಇಂಥವರಿಗೆ ಡೇಟಾಬೇಸ್, ಅಂದರೆ ಲೆಕ್ಕವನ್ನೆಲ್ಲ ಕೂಡಿಡುವ ತಂತ್ರಾಂಶ, ಕೊಳ್ಳುವ ಯೋಗ ಬಂತು. ಕಂಪ್ಲಿಯಲ್ಲಿ ಅವರದು ಅಕ್ಕಿ ಗಿರಣಿ. ಭತ್ತ ಬಂದದ್ದು, ಅಕ್ಕಿ ಹೋದದ್ದು ಎಲ್ಲವೂ ಒಂದು ಹಳೆಯ ಕಂಪ್ಯೂಟರಿನಲ್ಲಿತ್ತು. ಅದೋ, ಸುಗ್ಗಿ ಬಂದ ಕೂಡಲೇ ಮುಷ್ಕರ ಹೂಡುತ್ತಿತ್ತು. ಹೊಸ ವ್ಯವಸ್ಥೆ ಮಾರಲು ಬೆಂಗಳೂರಿನಿಂದ ಬಂದ ಯುವಕ ಇದರಲ್ಲಿ ಸ್ಟ್ಯಾಂಡರ್ಡ್, ಎಂಟರ್‌ಪ್ರೈಸ್ ಅಂತ ಎರಡು ಎಡಿಷನ್ ಇವೆ ಎಂದುಬಿಟ್ಟ. ಎರಡು! ಸಂಡೂರಿನ ಗಣಿ ಕಂಪನಿಯೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ನನ್ನನ್ನೂ ಪಂಚಾಯ್ತಿಗೆ ಕರೆಸಲಾಯಿತು.

ಮಾವನ ಸಂಶಯ ಹೆಸರಿನಿಂದಲೇ ಶುರುವಾಯಿತು. ಯಾವ ಸ್ಟ್ಯಾಂಡರ್ಡು, ಐದನೇದೋ ಹತ್ತನೇದೋ ಎಂದು ಕೇಳಿದರು. ಎಂಟರ್‌ಪ್ರೈಸ್ ಮೇಲೂ ನಂಬಿಕೆಯಿಲ್ಲ. ಹೊಸಪೇಟೆಯಲ್ಲಿ ಮೊಬೈಲ್ ಕವರ್ ಮಾರುವ ಡಬ್ಬಿ ಅಂಗಡಿಯೂ ಎಂಟರ್‌ಪ್ರೈಸಸ್ ಎಂದೇ ಬೋರ್ಡು ಹಾಕಿಕೊಂಡಿರುತ್ತದಲ್ಲ? ಕಂಪ್ಯೂಟರಿನ ಮಿದುಳಿನಲ್ಲಿ ಕೋರ್ ಎಂಬ ಭಾಗಗಳಿರುತ್ತವೆ, ಎಂಟರ್‌ಪ್ರೈಸ್‌ಗೆ ಕೋರ್ ಲೆಕ್ಕದಲ್ಲಿ ದರ ಎಂದು ಯುವಕ ವಿವರಿಸಿದ. ಮಾವ ಅಂಗಳದಲ್ಲಿ ಗೊರಕೆ ಹೊಡೆಯುತ್ತಿದ್ದ ತಮ್ಮ ಮ್ಯಾನೇಜರನ್ನು ಒಮ್ಮೆ ನೋಡಿದರು.

“ಮಿದುಳಿನ ಲೆಕ್ಕ ಅಂದ್ರ ನಮ್ಮ ಗಿರಣಿಗೆ ಭಾಳ ಅಗ್ಗ ಬೀಳತೈತಿ ಬಿಡ್ರಿ.”

ಈ ಗಿರಣಿಗೆ ಸ್ಟ್ಯಾಂಡರ್ಡ್ ಸಾಕು ಎಂದೆ ನಾನು. ‘ಸಾಕು’ ಎಂದರೆ ಮಾವನ ಮನಸ್ಸು ತಕ್ಷಣ ಇನ್ನೊಂದರ ಕಡೆ ಓಡುತ್ತದೆ. ಎಂಟರ್‌ಪ್ರೈಸಿನ ಮಹಿಮೆ ಕಣ್ಣಾರೆ ನೋಡಬೇಕೆಂದು ಹಟ ಹಿಡಿದರು.

ಯುವಕ ಮನೆಯ ಪಡಸಾಲೆಯಲ್ಲಿ ಎರಡು ಕಂಪ್ಯೂಟರ್ ಹೂಡಿದ. ಒಂದರಲ್ಲಿ ಭತ್ತದ ಲೆಕ್ಕ ಬರೆಯುತ್ತ ಬರೆಯುತ್ತ ಅದರ ವೈರನ್ನೇ ಕಿತ್ತ. ಒಂದಕ್ಷರವೂ ಕಳೆಯದಂತೆ ಇನ್ನೊಂದು ಕೆಲಸ ಮುಂದುವರಿಸಿತು. ಮಂಡಕ್ಕಿ-ಮಿರ್ಚಿ ತಟ್ಟೆ ಹಿಡಿದು ಬಂದ ಅತ್ತೆಯೂ ಬಾಗಿಲಲ್ಲೇ ನಿಂತು ನೋಡಿದರು.

ಮಾವ ಮಾತ್ರ ಯೋಚನೆಗೆ ಬಿದ್ದಿದ್ದರು. “ಮೊದಲನೇದು ನೆಟ್ಟಗ ಇದ್ದಾಗ ಈ ಎರಡನೇದು ಏನ್ ಮಾಡತಿರತೈತ್ರಿ?”

“ಏನಿಲ್ಲ ಸಾರ್. ಅದು ಮಾಡೋದನ್ನೆಲ್ಲ ನೋಡ್ಕೊಂಡು, ನೆನಪಿಟ್ಕೊಂಡು ಸುಮ್ನೆ ಇರುತ್ತೆ. ಅದು ಬಿದ್ರೆ ಇದು ಎದ್ದು ನಡೆಸುತ್ತೆ. ಅದು ರಿಪೇರಿಯಾಗಿ ಬಂದ್ಮೇಲೆ ಮತ್ತೆ ಸುಮ್ನಾಗುತ್ತೆ. ಯಾರಿಗೂ ಗೊತ್ತೇ ಆಗಲ್ಲ.”

ಮಾವ ಅತ್ತೆಯ ಕಡೆ ತಿರುಗಿದರು.

ಹಿಂದಿನ ವರ್ಷ ಗಿರಣಿಯ ಮೆಟ್ಟಿಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡ ಮಾವ, ಸುಗ್ಗಿಯುದ್ದಕ್ಕೂ ಬಳ್ಳಾರಿಯ ಆಸ್ಪತ್ರೆಯಲ್ಲಿದ್ದರು. ಅಷ್ಟೂ ದಿನ ಗಿರಣಿ ನಡೆಸಿದವರು ಅತ್ತೆ. ಹಸಿ ಭತ್ತ ತಂದ ಲಾರಿಗಳನ್ನು ತಿರುಗಿಸಿ ಕಳಿಸಿದರು, ಹಮಾಲರ ಜಗಳ ಬಿಡಿಸಿದರು. ಮಾವ ಕೋಲೂರಿಕೊಂಡು ಮರಳಿದ ಮರುದಿನ ಅವರು ಅಡುಗೆಮನೆಗೆ ಹೋದರು. ಆ ಬಗ್ಗೆ ಮನೆಯಲ್ಲಿ ಯಾರೂ, ಮಾವನೂ ಕೂಡ, ಒಂದು ಮಾತೂ ಆಡಲಿಲ್ಲ.

“ನಾ ಬಂದ ಮ್ಯಾಲೂ ಗಿರಣಿಗೆ ಬರಬೇಕು ಅನಸ್ತಿತ್ತೇನು ನಿನಗ?” ಎಂದು ಕೇಳಿದರು ಮಾವ.

ಅತ್ತೆ ತಟ್ಟೆಯನ್ನು ಕೆಳಗಿಟ್ಟರು. “ದಿನಾ ಅನಸ್ತಿತ್ತ್ರಿ.”

ಮಾವ ಯುವಕನ ಕಡೆ ತಿರುಗಿದರು. ಸುಮ್ನ ಕುಂದ್ರೋ ಎರಡನೇದು ಬ್ಯಾಡ, ಸ್ಟ್ಯಾಂಡರ್ಡೇ ಕೊಡ್ರಿ ಎಂದರು. ಜೀವಮಾನದಲ್ಲಿ ಅವರು ಅಷ್ಟು ಬೇಗ ಎರಡರಲ್ಲಿ ಒಂದನ್ನು ಆರಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅದನ್ನು ಕೂಡಿಸಿಕೊಡಲು ಮುಂದಿನ ವಾರ ಗಿರಣಿಗೆ ಹೋದೆ. ಬಾಗಿಲಿಗೆ ಎದುರಾದ ಕುರ್ಚಿಯಲ್ಲಿ ಅತ್ತೆ ಕುಳಿತು, ಅಂಗೈಯಲ್ಲಿ ಭತ್ತ ತಿಕ್ಕುತ್ತ ವ್ಯಾಪಾರಿಯೊಬ್ಬನೊಂದಿಗೆ ವಾದಿಸುತ್ತಿದ್ದರು. ಪಕ್ಕದ ಸ್ಟೂಲಿನ ಮೇಲೆ ಮಾವ, ಹಳೆಯ ಕಂಪ್ಯೂಟರಿನ ಮೇಲೆ ಬಾಗಿ ಒಂದೇ ಬೆರಳಿನಲ್ಲಿ ಅಕ್ಷರ ಹುಡುಕುತ್ತಿದ್ದರು. ನಾನು ಮಾತಾಡಿಸಹೋದರೆ ತಲೆ ಎತ್ತದೆ ಕೈ ಅಡ್ಡ ಹಿಡಿದರು.

“ಒಂಚೂರು ತಡಿ. ನಿಮ್ಮತ್ತಿ ಹೇಳಾಕತ್ತಾಳ, ನಾ ಬರಕೊಳ್ಳಾಕತ್ತೀನಿ.”