ಕಂಡಕ್ಟರ್ ಅಪ್ಪನ ಮೊದಲ ಸರದಿ

ಕಂಡಕ್ಟರನ ಸಿಟ್ಟು ನೆತ್ತಿಗೇರಿದ್ದು ಮೂರನೇ ತರಗತಿಯ ಮಗಳ ಒಂದೇ ಮಾತಿನಿಂದ. "ಅಪ್ಪಾ, ಬರೋ ವರ್ಷಾನೂ ನಂಗೆ ಅದೇ ರೂಮು, ಅದೇ ಟೀಚರ್ರು."

ಒಂದರಿಂದ ನಾಲ್ಕನೇ ತರಗತಿಯವರೆಗಿನ ಮಕ್ಕಳನ್ನೆಲ್ಲ ಒಂದೇ ಕೋಣೆಯಲ್ಲಿ ಕೂರಿಸಿ, ದೊಡ್ಡವರಿಂದ ಚಿಕ್ಕವರಿಗೆ ಹೇಳಿಕೊಡಿಸುವ ಶಾಲೆ ಅದು. ಹದಿನೆಂಟು ವರ್ಷ "ಮುಂದೆ ಹೋಗಿ, ಮುಂದೆ ಹೋಗಿ" ಎಂದು ಊರನ್ನೇ ಮುಂದಕ್ಕೆ ತಳ್ಳಿದವನ ಮಗಳು, ಕೆಟ್ಟು ನಿಂತ ಬಸ್ಸಿನ ಹಾಗೆ ನಾಲ್ಕು ವರ್ಷ ಒಂದೇ ಸ್ಟಾಪಿನಲ್ಲಿ ನಿಲ್ಲುವುದೇ?

"ಟಿಕೆಟ್ ತಗೊಂಡಿರೋಳು ನನ್ನ ಮಗಳು. ಕಂಡಕ್ಟರ್ ಕೆಲಸಾನೂ ಅವಳೇ ಮಾಡ್ಬೇಕಾ?" ಎಂದು ಹೆಂಡತಿಯ ಮುಂದೆ ಗುಡುಗಿದ.

"ನನ್ನ ಮುಂದೆ ಕೂಗಿದ್ರೆ ಏನು ಬಂತು? ನಾಳೆ ಸಂಜೆ ಪೋಷಕರ ಸಭೆ ಇದೆ, ಅಲ್ಲಿ ಕೂಗಿ. ಆದ್ರೆ ಸರದಿ ಮಾಡಿದವರಿಗೆ ಮಾತ್ರ ಬಾಯಿ ಬಿಡೋಕೆ ಬಿಡ್ತಾರೆ."

ಸರದಿಯೆಂದರೆ ತಂದೆಯೂ ತಾಯಿಯೂ ತಲಾ ವರ್ಷಕ್ಕೆ ನಾಲ್ಕು ದಿನ ತರಗತಿಯಲ್ಲಿ ಟೀಚರಿಗೆ ನೆರವಾಗುವುದು. ಹೆಂಡತಿ ತನ್ನ ಪಾಲಿನದನ್ನು ತಪ್ಪದೆ ಮುಗಿಸಿದ್ದಳು. ಕಂಡಕ್ಟರ್ ಮಾತ್ರ ಮೂರು ವರ್ಷದಿಂದ "ಡ್ಯೂಟಿ ಇದೆ" ಎಂಬ ಚೀಟಿ ಕಳಿಸಿ ನುಣುಚಿಕೊಂಡಿದ್ದ.

ಮರುದಿನ ರಜೆ ಹಾಕಿ ಹೋದ. ಬಾಗಿಲಲ್ಲೇ ಸಮಿತಿಯಕ್ಕ ಅಡ್ಡ ನಿಂತಿದ್ದಳು. ಈಕೆ ಪೋಷಕರ ಸಮಿತಿಯ ಮುಖ್ಯಸ್ಥೆ. ಕಂಕುಳಲ್ಲಿ ರಿಜಿಸ್ಟರು, ಮುಖದಲ್ಲಿ ಟಿಕೆಟಿಲ್ಲದವನನ್ನು ಹಿಡಿದ ಚೆಕಿಂಗ್ ಇನ್‌ಸ್ಪೆಕ್ಟರನ ಕಳೆ.

"ಓಹೋ! ಇವತ್ತು ಸೂರ್ಯ ಯಾವ ಕಡೆ ಹುಟ್ಟಿದ್ನಪ್ಪಾ!"

"ಸಂಜೆ ನಾನು ಮಾತಾಡೋದಿದೆ."

"ಧಾರಾಳವಾಗಿ ಮಾತಾಡಿ. ಈಗ ಚಪ್ಪಲಿ ಬಿಟ್ಟು ಇದನ್ನ ಕಟ್ಕೊಳ್ಳಿ." ಕೊಟ್ಟದ್ದು ಹಳದಿ ಬಾತುಕೋಳಿ ಚಿತ್ರದ ಏಪ್ರನ್ನು.

ಒಳಗೆ ಇನ್ನೊಂದು ನಿಯಮ ಕಾದಿತ್ತು. ಆ ಕೋಣೆಗೆ ಹೊಸದಾಗಿ ಬಂದವರಿಗೆಲ್ಲ ಹಳಬರೊಬ್ಬರು ಜೋಡಿ. ಟೀಚರ್ ಒಂದನೇ ತರಗತಿಯ ಗುಬ್ಬಿಯನ್ನು ಕರೆದರು. ಆರು ವರ್ಷ, ಮುಂದಿನ ಎರಡು ಹಲ್ಲಿಲ್ಲ.

"ಇವರು ಹೊಸಬರು ಕಣಮ್ಮಾ, ನೋಡ್ಕೋ."

ಗುಬ್ಬಿ ಅವನನ್ನು ಮೇಲಿಂದ ಕೆಳಗೆ ಅಳೆದಳು. "ಅಂಕಲ್, ಒಂದಕ್ಕೆ ಹೋಗ್ಬೇಕಾದ್ರೂ ನನ್ನ ಕೇಳೇ ಹೋಗ್ಬೇಕು."

ಮೊಳದೆತ್ತರದ ಕುರ್ಚಿಯಲ್ಲಿ ಮೊಣಕಾಲು ಕಿವಿಗೆ ತಾಗಿಸಿಕೊಂಡು ಕುಳಿತ. ನಾಲ್ಕು ಮೂಲೆಯಲ್ಲಿ ನಾಲ್ಕು ಪಾಠ. ಸಂತೆ ಮುಗಿಸಿದ ಜನವೆಲ್ಲ ಒಂದೇ ಬಸ್ಸು ಹತ್ತಿದಂಥ ಗಲಾಟೆ. ಅದರ ನಡುವೆ ಅವನ ಮಗಳು ಗುಂಡಿಗಳನ್ನು ಹರಡಿಕೊಂಡು ಇಬ್ಬರು ಪಿಳ್ಳೆಗಳಿಗೆ ಕಳೆಯುವ ಲೆಕ್ಕ ಹೇಳಿಕೊಡುತ್ತಿದ್ದಳು. ಕಂಡಕ್ಟರನ ರಕ್ತ ಕೊತಕೊತ ಕುದಿಯಿತು. ಎದ್ದ. ಅಭ್ಯಾಸಬಲದಿಂದ ಕೈ ಜೇಬಿಗೆ ಹೋಯಿತು.

ಪೀಈಈಈ!

ಆ ಶಾಲೆಯಲ್ಲಿ ಸೀಟಿಗೆ ಒಂದೇ ಅರ್ಥ: ಬೆಂಕಿ ಬಿದ್ದಿದೆ, ಹೊರಗೆ ನಡೆಯಿರಿ.

ಪೆನ್ಸಿಲುಗಳು ಕೆಳಗಿಳಿದವು. ದೊಡ್ಡ ಮಕ್ಕಳು ಚಿಕ್ಕವರ ಕೈ ಹಿಡಿದರು. ಕಂಡಕ್ಟರನ ಮಗಳನ್ನು ಮುಂದಿಟ್ಟುಕೊಂಡು ಸಾಲು ಪಿಟ್ಟೆನ್ನದೆ ಬಯಲಿಗೆ ಹೊರಟಿತು. ಕಿರುಚಾಡಿದವರು ದೊಡ್ಡವರು ಮಾತ್ರ. ಸಮಿತಿಯಕ್ಕ ರಿಜಿಸ್ಟರನ್ನು ತಲೆಯ ಮೇಲೆ ಹೊತ್ತು ಗೇಟಿನಾಚೆ ಓಡಿದಳು. ಆಫೀಸಿನ ಗುಮಾಸ್ತ ಅಗ್ನಿಶಾಮಕ ದಳಕ್ಕೆ ಫೋನು ಮಾಡಿಯೇಬಿಟ್ಟ.

"ಏಯ್, ಎಲ್ಲಿಗೆ? ಕೂತ್ಕೊಳ್ರೋ! ಸುಮ್ನೆ ಊದಿದ್ದು!" ಎನ್ನುತ್ತ ಕಂಡಕ್ಟರ್ ಸಾಲಿನ ಹಿಂದೆ ಬಯಲಿಗೆ ಓಡಿದ. ಅಲ್ಲಿ ಮಗಳು ತಲೆ ಎಣಿಸಿ ಮುಗಿಸಿದ್ದಳು.

"ಟೀಚರ್, ಮೂವತ್ತೊಂದೇ ಇದೀವಿ. ಗುಬ್ಬಿ ಇಲ್ಲ!"

ಕಂಡಕ್ಟರ್ ಬಂದ ದಾರಿಯಲ್ಲೇ ಓಡಿದ. ಗುಬ್ಬಿ ಕೋಣೆಯಲ್ಲಿ ಒಂದೊಂದೇ ಮೇಜಿನಡಿ ಬಗ್ಗಿ ನೋಡುತ್ತಿದ್ದಳು. ಕಣ್ಣ ತುಂಬ ನೀರು.

"ಎಲ್ಲೋಗಿದ್ರಿ ಅಂಕಲ್? ಜೋಡೀನ ಬಿಟ್ಟು ಹೋಗಬಾರ್ದು ಅಂತ ಅಷ್ಟೂ ಗೊತ್ತಾಗಲ್ವಾ ನಿಮ್ಗೆ?"

ಆಗಷ್ಟೇ ಬಂದಿಳಿದ ಬೆಂಕಿ ಆರಿಸುವವರ ಎದುರಿನಲ್ಲೇ ಅವಳು ಬಾತುಕೋಳಿ ಏಪ್ರನ್ನಿನ ಗಂಡಸನ್ನು ಕೈ ಹಿಡಿದು ಬಯಲಿಗೆ ನಡೆಸಿಕೊಂಡು ಬಂದಳು. ಹೊಗೆ ಕಾಣುತ್ತಿದ್ದುದು ಅವನ ಕಿವಿಗಳಲ್ಲಿ ಮಾತ್ರ.

ಸಂಜೆ ಅದೇ ಕೋಣೆಯಲ್ಲಿ ಸೇರಿದ ಸಭೆಯಲ್ಲಿ ಎಲ್ಲರಿಗಿಂತ ಮೊದಲು ಎದ್ದವನು ಅವನೇ. "ಸೀಟಿ ಊದಿದ್ದು ತಪ್ಪು, ಒಪ್ಕೋತೀನಿ. ಆದ್ರೆ ನನ್ನ ಮಗಳು ಬೇರೆಯವರಿಗೆ ಕಲಿಸ್ತಾ ಕೂತ್ರೆ, ಅವಳಿಗೆ ಕಲಿಸೋರು ಯಾರ್ರೀ? ಐದನೇ ತರಗತಿಯವರ ಕೋಣೆಗೆ ಕಳಿಸಿ ಅವಳನ್ನ! ಕಳಿಸೋವರೆಗೂ ನಾನು ಕೂರಲ್ಲ!"

ಜಗಳಕ್ಕೆ ತೋಳು ಮಡಿಚಿಕೊಂಡು ನಿಂತ. ಟೀಚರ್ ನಕ್ಕರು.

"ನೀವು ಹೇಳೋದು ಸರಿ. ಇವತ್ತು ದೊಡ್ಡವರೆಲ್ಲ ದಿಕ್ಕಾಪಾಲಾಗಿ ಓಡಿದ್ರು. ಅವಳು ಎಲ್ಲರನ್ನೂ ಕರ್ಕೊಂಡು ಹೋಗಿ, ಎಣಿಸಿ, ಯಾರಿಲ್ಲ ಅಂತಾನೂ ಹೇಳಿದ್ಲು. ಈ ಕೋಣೇಲಿ ಅವಳು ಕಲಿಯೋದು ಮುಗೀತು. ನಾಳೆಯಿಂದ್ಲೇ ಆ ಕೋಣೆ."

ಎಲ್ಲರೂ ಕೈ ಎತ್ತಿದರು. ಕಂಡಕ್ಟರ್ ಮೀಸೆ ನೀವಿಕೊಂಡು ಕುಳಿತ.

"ಇನ್ನು ನಿಮ್ದು," ಎಂದು ಸಮಿತಿಯಕ್ಕ ರಿಜಿಸ್ಟರು ತೆರೆದಳು.

"ನಂದೇನು?"

"ಈ ಕೋಣೇಲಿ ಮೂರು ವರ್ಷಕ್ಕೆ ಹನ್ನೆರಡು ಸರದಿ. ಇವತ್ತು ಫೈರ್ ಇಂಜಿನ್ ಬಂದು ಪಾಠಾನೇ ಆಗ್ಲಿಲ್ಲ, ಅದು ಲೆಕ್ಕಕ್ಕಿಲ್ಲ. ಹನ್ನೆರಡೂ ಬಾಕಿ. ಆ ಕೋಣೇದು ವರ್ಷಕ್ಕೆ ನಾಲ್ಕು ಬೇರೆ."

"ಇದೆಂಥ ಅನ್ಯಾಯ! ಮಗಳೇ ಇಲ್ಲಿಲ್ಲ, ನಾನ್ಯಾಕೆ ಇಲ್ಲಿರ್ಬೇಕು?" ಎನ್ನುತ್ತ ಎದ್ದು ಬಾಗಿಲತ್ತ ನಡೆದ.

"ಅವಳು ಕಲಿತ್ಲು, ಹೋದ್ಲು. ನೀವು ಇನ್ನೂ ಶುರುನೇ ಮಾಡಿಲ್ವಲ್ಲ! ಏನಂತೀರಿ ಎಲ್ಲರೂ?"

ಮತ್ತೆ ಕೈಗಳು ಎದ್ದವು. ಎಲ್ಲಕ್ಕಿಂತ ಎತ್ತರಕ್ಕೆ ಎದ್ದದ್ದು ಅವನ ಹೆಂಡತಿಯ ಕೈ.

ಅಷ್ಟರಲ್ಲಿ ಯಾರೋ ಅವನ ಏಪ್ರನ್ನು ಜಗ್ಗಿದರು. ಗುಬ್ಬಿ ಅಂಗೈ ಚಾಚಿ ನಿಂತಿದ್ದಳು. ಅವನು ಜೇಬಿನಿಂದ ಸೀಟಿ ತೆಗೆದು ಕೊಟ್ಟ.

"ಬಾಗಿಲ ಹತ್ರ ನಿಲ್ಬೇಡಿ ಅಂಕಲ್," ಎಂದಳು ಗುಬ್ಬಿ, ಅವನನ್ನು ಪುಟ್ಟ ಕುರ್ಚಿಯ ಕಡೆ ತಳ್ಳುತ್ತ. "ಹಿಂದೆ ಖಾಲಿ ಇದೆ, ಹಿಂದೆ ಹೋಗಿ, ಹಿಂದೆ ಹೋಗಿ!"