ಆಫೀಸಿಗೆ ಹೋದ ಹೈಡ್ರೇಂಜಿಯಾ

"ಬೇಲೂರಲ್ಲಿ ಬಿಡೋ ಹೂವು ಅರಸೀಕೆರೇಲಿ ಯಾಕೆ ಬಿಡಲ್ಲ? ನಾನು ಬಿಡಿಸ್ತೀನಿ! ಅದೂ ಇಷ್ಟು ದಪ್ಪ!"

ಭೀಮರಾಜ್ ಎರಡೂ ಕೈಯಲ್ಲಿ ಕುಂಬಳಕಾಯಿಯ ಗಾತ್ರ ತೋರಿಸಿ ಶಪಥ ಮಾಡಿದ್ದು ನಾದಿನಿ ಇಂದುವಿನ ಎದುರಿಗೆ. ಅವಳು ಬೇಲೂರಿನಿಂದ ಬಸ್ಸಿನಲ್ಲಿ, ತೊಡೆಯ ಮೇಲೆ ಕೂರಿಸಿಕೊಂಡು ಅಕ್ಕನಿಗೆಂದು ಒಂದು ಹೈಡ್ರೇಂಜಿಯಾ ಗಿಡ ತಂದಿದ್ದಳು. ಮಣ್ಣಿನ ಕುಂಡ, ಅಂಗೈಯಗಲದ ಎಲೆಗಳು, ನಡುವೆ ಹಸಿರು ಮೊಗ್ಗಿನ ಒಂದೇ ಒಂದು ಗೊಂಚಲು.

"ಭಾವ, ಇದಕ್ಕೆ ಮಧ್ಯಾಹ್ನದ ಬಿಸಿಲು ಆಗಲ್ಲ, ನೀರೂ ಜಾಸ್ತಿ ಬೇಕು. ಅಕ್ಕ ಬೆಳಿಗ್ಗೇನೇ ಜಾವಗಲ್ ಬಸ್ ಹತ್ತಿದ್ರೆ ಬರೋದು ಸಂಜೆ. ನೀವು ನೋಡ್ಕೋತೀರಾ?"

"ಒಂದು ಆಫೀಸನ್ನೇ ನೋಡ್ಕೋತಿರೋನಿಗೆ ಒಂದು ಗಿಡ ಯಾವ ಲೆಕ್ಕ!"

ನಿಜ ಹೇಳಬೇಕೆಂದರೆ ಆ ಸರ್ಕಾರಿ ಆಫೀಸನ್ನು ನೋಡಿಕೊಳ್ಳುತ್ತಿದ್ದವರು ಸೂಪರಿಂಟೆಂಡೆಂಟ್ ತಿಮ್ಮಯ್ಯನವರು. ಭೀಮರಾಜ್ ಅಲ್ಲಿ ಗುಮಾಸ್ತರು. ಜಾವಗಲ್ಲಿನ ಶಾಲೆಯಲ್ಲಿ ಮೇಡಂ ಆಗಿದ್ದ ಹೆಂಡತಿ ಮಂಜುಳಾ ಮೊಗ್ಗನ್ನು ಮೆಲ್ಲಗೆ ಮುಟ್ಟಿ, "ಅರಳಿದ ದಿನ ನಾನೇ ಮೊದಲು ನೋಡ್ಬೇಕು ಕಣ್ರೀ," ಎಂದಷ್ಟೇ ಹೇಳಿದರು.

ಶಪಥ ಒಂದು ರಾತ್ರಿ ಬಾಳಿತು. ಮರುದಿನ ಊಟಕ್ಕೆಂದು ಮನೆಗೆ ಬಂದು ನೋಡಿದರೆ ಗಿಡ ಮೂರ್ಛೆ ಹೋಗಿದೆ! ಎಲೆಗಳೆಲ್ಲ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿವೆ. ಭೀಮರಾಜ್ ಗಾಬರಿಯಲ್ಲಿ ಒಂದು ಬಿಂದಿಗೆ ನೀರು ಸುರಿದರು. ಅವರು ಸಾರನ್ನ ಮುಗಿಸುವ ಹೊತ್ತಿಗೆ ಗಿಡ ಎದ್ದು ಕೂತಿತ್ತು. ಅದರ ಮರುದಿನ ಮತ್ತೆ ಮೂರ್ಛೆ. ಬಚ್ಚಲಲ್ಲಿಟ್ಟರೆ ಎಲೆ ಹಳದಿ. ಜಗಲಿಯಲ್ಲಿಟ್ಟರೆ ಪಕ್ಕದ ಮನೆಯ ಮೇಕೆಯ ಕಣ್ಣು.

"ಇದು ಹೈಡ್ರೇಂಜಿಯಾ ಅಲ್ಲ, ಹೈರಾಣಂಜಿಯಾ!" ಎಂದು ಹಣೆ ಒರೆಸಿಕೊಂಡ ಭೀಮರಾಜರಿಗೆ ಆಗಲೇ ಹೊಳೆಯಿತು: ಆಫೀಸಿನ ವರಾಂಡ! ಹೆಂಚಿನ ಹಳೇ ಕಟ್ಟಡ, ಉತ್ತರದ ಬಾಗಿಲು, ಕೈಗೆಟುಕುವಲ್ಲಿ ನೀರಿನ ನಲ್ಲಿ. ಇಡೀ ಅರಸೀಕೆರೆಯಲ್ಲಿ ಅಷ್ಟು ತಂಪಾದ ಜಾಗ ಇನ್ನೊಂದಿಲ್ಲ. ಅಲ್ಲಿ ಕೂತವರಿಗೆ ನಿದ್ದೆ ಬರುವುದೇ ಅದಕ್ಕೆ ಸಾಕ್ಷಿ.

ಅಂದಿನಿಂದ ಹೆಂಡತಿಯ ಬಸ್ಸು ಹೊರಟ ಮೇಲೆ ಗಿಡವೂ ಡ್ಯೂಟಿಗೆ ಹೊರಡತೊಡಗಿತು. ಸ್ಕೂಟರಿನಲ್ಲಿ ಎರಡು ಕಾಲುಗಳ ನಡುವೆ ಕುಂಡ, ಗದ್ದಕ್ಕೆ ತಾಗುವ ಎಲೆ. ಎದುರಿನಿಂದ ನೋಡಿದವರು ಗಿಡವೇ ಗಾಡಿ ಓಡಿಸುತ್ತಿದೆಯೆಂದು ಹೆದರಿ ದಾರಿ ಬಿಟ್ಟರು.

"ಏನ್ ಸಾ ಇದರ ಹೆಸ್ರು?" ಎಂದ ಆಫೀಸಿನ ಜವಾನ ಹುಚ್ಚಣ್ಣ, ಕುಂಡ ಇಳಿಸುತ್ತಾ.

"ಹೈಡ್ರೇಂಜಿಯಾ."

"ರಂಜಯ್ಯನಾ? ಗಂಡ್ ಗಿಡ ಅನ್ನಿ!"

ರಂಜಯ್ಯ ದಿನವೂ ತಪ್ಪದೆ ಹಾಜರಾದ. ಸಂಜೆ ಮಂಜುಳಾ ಬರುವಷ್ಟರಲ್ಲಿ ಮತ್ತೆ ಅಂಗಳದಲ್ಲಿ ನಳನಳಿಸುತ್ತಾ ನಿಂತಿರುತ್ತಿದ್ದ. "ಪರವಾಗಿಲ್ವೇ, ಚೆನ್ನಾಗಿ ನೋಡ್ಕೊಂಡಿದೀರ!" ಎಂದು ಹೆಂಡತಿ ಹೊಗಳಿದರೆ, ಭೀಮರಾಜ್ ಆಫೀಸಿನ ಸುದ್ದಿ ಮಾತ್ರ ಎತ್ತದೆ ಎದೆ ಉಬ್ಬಿಸುತ್ತಿದ್ದರು.

ಒಂದು ಶುಕ್ರವಾರ ವರಾಂಡದಲ್ಲೇ ಗೊಂಚಲು ಪೂರ್ತಿ ಅರಳಿತು. ತಿಳಿನೀಲಿಯ ದೊಡ್ಡ ಚೆಂಡು! ಇವತ್ತು ಬೇಗ ಮನೆಗೊಯ್ದು ಮಂಜುಳಾಗೆ ತೋರಿಸಬೇಕೆಂದು ಭೀಮರಾಜ್ ಚಡಪಡಿಸುತ್ತಿರುವಾಗಲೇ ಹಾಸನದಿಂದ ಸಾಹೇಬರ ಜೀಪು ಬಂದು ನಿಂತಿತು. ಹೇಳದೆ ಕೇಳದೆ ತಪಾಸಣೆ! ಬಾಗಿಲಿನ ಜೇಡರ ಬಲೆ ನೋಡಿ ಸಾಹೇಬರ ಹುಬ್ಬು ಮೇಲೇರಿತು. ಅಷ್ಟರಲ್ಲಿ ಹೂವು ಕಣ್ಣಿಗೆ ಬಿತ್ತು. ಹುಬ್ಬು ಕೆಳಗಿಳಿಯಿತು.

"ಆಹಾ! ಯಾರದ್ರೀ ಈ ಗಿಡ?"

"ನಮ್ಮ ಆಫೀಸಿನದೇ ಸಾರ್! ಸಿಬ್ಬಂದಿ ಎಲ್ಲಾ ಸೇರಿ ಸಾಕಿದೀವಿ!" ಎಂದರು ತಿಮ್ಮಯ್ಯನವರು. ಬಾಯಿ ತೆರೆಯಲು ಹೋದ ಭೀಮರಾಜರ ಕಾಲಿನ ಮೇಲೆ ಅವರ ಬೂಟು ಭಾರವಾಗಿ ಕೂತಿತ್ತು.

"ಭೇಷ್! ಸೋಮವಾರ ಕ್ಯಾಮೆರಾ ತರ್ತೀನಿ," ಎಂದು ಸಾಹೇಬರು ಫೈಲು ಮುಟ್ಟದೆ ಹೊರಟುಹೋದರು. ಸಂಜೆಯೊಳಗೆ ಕುಂಡದ ಮೇಲೆ ಕೆಂಪು ಬಣ್ಣದಲ್ಲಿ "ಸರ್ಕಾರಿ ಸ್ವತ್ತು" ಎಂಬ ಅಕ್ಷರಗಳು ಮೂಡಿದವು.

ಬರಿಗೈಯಲ್ಲಿ ಮನೆಗೆ ಬಂದ ಗಂಡನನ್ನು ಮಂಜುಳಾ ಕೇಳಿದರು: "ಗಿಡ ಎಲ್ಲಿ?"

"ಅದು... ಚೆಕಪ್ಪಿಗೆ ಹೋಗಿದೆ."

"ಚೆಕಪ್ಪಾ? ಅದೇನು ಬಸುರಿಯಾ? ಭಾನುವಾರ ಇಂದು ಬರ್ತಾಳೆ. ಅಷ್ಟರೊಳಗೆ ಡಿಸ್ಚಾರ್ಜ್ ಮಾಡಿಸಿ!"

ಭಾನುವಾರ ಬೆಳಿಗ್ಗೆಯೇ ಭೀಮರಾಜ್ ಆಫೀಸಿಗೆ ಓಡಿದರು. ತಿಮ್ಮಯ್ಯನವರು ಕಾವಲಿಗೆ ಹಾಕಿದ್ದ ಹುಚ್ಚಣ್ಣ ಕುಂಡದ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತಿದ್ದ.

"ಲೇ, ಗಿಡ ಕೊಡೋ."

"ಆಗಾಕಿಲ್ಲ ಸಾ. ಸರ್ಕಾರದ್ದು ಐತೆ."

"ನನ್ನದು ಕಣೋ! ದಿನಾ ಸ್ಕೂಟರಿಂದ ಇಳಿಸ್ತಿದ್ದೋನು ನೀನೇ ಅಲ್ವೇನೋ?"

"ಇಳ್ಸಿದ್ದು ನಿಜ ಸಾ. ಆವಾಗ ನಿಮ್ದು. ಬರ್ದ್ ಮ್ಯಾಲೆ ಸರ್ಕಾರದ್ದು. ತಗಂಡೋದ್ರೆ ತಿಮ್ಮಯ್ಯನೋರು ನನ್ನೇ ಮನೆಗೆ ಕಳಿಸ್ತಾರೆ."

ಮನೆಗೆ ಬಂದರೆ ಅಕ್ಕ ತಂಗಿ ಬಾಗಿಲಲ್ಲೇ ನಿಂತಿದ್ದರು. ಭೀಮರಾಜ್ ಎಲ್ಲವನ್ನೂ ಒಪ್ಪಿಸಿದರು. ಇಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಮಂಜುಳಾ ನಗಲಿಲ್ಲ.

"ಅಂದ್ರೆ ಹುಚ್ಚಣ್ಣ ನೋಡಿದ, ತಿಮ್ಮಯ್ಯನೋರು ನೋಡಿದ್ರು, ಸಾಹೇಬ್ರೂ ನೋಡಿದ್ರು. ನಾನೊಬ್ಬಳೇ ನೋಡಿಲ್ಲ."

ಬೈದಿದ್ದರೆ ಭೀಮರಾಜ್ ತಡೆದುಕೊಳ್ಳುತ್ತಿದ್ದರು. ಆ ಮೆಲುದನಿಯನ್ನು ತಡೆಯಲಾಗಲಿಲ್ಲ. ಆ ದಿನ ಕಾಫಿಯನ್ನೂ ಅವರು ಕೇಳಿ ಕುಡಿಯಲಿಲ್ಲ.

ಸೋಮವಾರ ಸಾಹೇಬರು ಕ್ಯಾಮೆರಾದೊಂದಿಗೆ ಇಳಿದಾಗ ವರಾಂಡದ ಬೆಂಚಿನ ಮೇಲೆ, ಹೂವಿನ ಪಕ್ಕದಲ್ಲೇ, ಇಬ್ಬರು ಹೆಂಗಸರು ಕೂತಿದ್ದರು. ಒಳಗಿನಿಂದ ನೋಡಿದ ಭೀಮರಾಜರಿಗೆ ಕುರ್ಚಿಯಲ್ಲೇ ಬೆವರಿತು.

"ಏನಮ್ಮಾ, ಏನು ಕೆಲಸ ಆಗ್ಬೇಕಿತ್ತು?"

"ಕೆಲಸ ಏನಿಲ್ಲ ಸಾರ್," ಎಂದು ಮಂಜುಳಾ ಎದ್ದು ನಿಂತರು. "ಈ ಗಿಡ ನನ್ನದು. ಅರಳಿದ್ದನ್ನ ನಾನಿನ್ನೂ ನೋಡಿರಲಿಲ್ಲ. ಅದಕ್ಕೇ ಸ್ಕೂಲಿಗೆ ರಜಾ ಹಾಕಿ ಬಂದೆ."

ತಿಮ್ಮಯ್ಯನವರು ಕೆಮ್ಮಿದರು. ಸಾಹೇಬರು ಸುತ್ತ ನೋಡಿದರು. "ಮತ್ತೆ ಇಲ್ಲಿಗೆ ಹೇಗೆ ಬಂತು?"

ಭೀಮರಾಜರಿಗೆ ಎಲ್ಲಿತ್ತೋ ಧೈರ್ಯ! ಹೆಂಡತಿಯ ಮುಂದೆ ತಮ್ಮ ಮಾನ ಉಳಿಸಿಕೊಳ್ಳಲು ಇದೊಂದೇ ಅವಕಾಶವೆಂದು ಹೊರಗೆ ನುಗ್ಗಿದರು.

"ಸ್ಕೂಟರಲ್ಲಿ ಸಾರ್! ನಾನೇ ತಂದೆ! ದಿನಾ ತಂದು ದಿನಾ ಒಯ್ದೆ! ಗಂಟೆಗೊಂದು ಸಲ ನೀರು ಹಾಕಿದೀನಿ! ಬಿಸಿಲು ಸರಿದ ಹಾಗೆಲ್ಲ ಕುಂಡ ಸರಿಸಿದೀನಿ! ನನ್ನ ಹೆಂಡ್ತಿ ಗಿಡಕ್ಕೋಸ್ಕರ ನಾನು ಕುರ್ಚೀಲಿ ಕೂತಿದ್ದೇ ಕಮ್ಮಿ ಸಾರ್!"

ತಿಮ್ಮಯ್ಯನವರು ಕಣ್ಣು ಮುಚ್ಚಿಕೊಂಡರು.

"ಹಾಗೋ," ಎಂದರು ಸಾಹೇಬರು ತಣ್ಣಗೆ. "ಹಾಗಾದ್ರೆ ನಿಮ್ಮ ಮೇಜಿನ ಕೆಲಸ ಯಾರು ಮಾಡ್ತಿದ್ರು?"

ಗಿಡ ಆಗಿಂದಾಗಲೇ ಮಂಜುಳಾ ಮಡಿಲು ಸೇರಿ ಆಟೋದಲ್ಲಿ ಹೊರಟಿತು. ಸಾಹೇಬರ ಗಮನ ಬೀರುವಿನತ್ತ ಹೊರಟಿತು. ಬಾಕಿ ಫೈಲುಗಳ ಗುಡ್ಡದಿಂದ ಭೀಮರಾಜ್ ಎದ್ದು ಮನೆ ಮುಟ್ಟುವಾಗ ಬೀದಿ ದೀಪಗಳು ಹತ್ತಿದ್ದವು. ಅಂಗಳದಲ್ಲಿ ಗಿಡವಿರಲಿಲ್ಲ.

"ಇಂದು ಬೇಲೂರಿಗೆ ವಾಪಸ್ ತಗೊಂಡು ಹೋದ್ಲು," ಎಂದರು ಮಂಜುಳಾ. ಮುಖದಲ್ಲಿ ಈಗ ನಗು ಇತ್ತು. "ಮಧ್ಯಾಹ್ನ ಪೂರ್ತಿ ನೋಡ್ಕೊಂಡು ಕೂತಿದ್ದೆ, ನನಗೆ ಸಾಕು. ನಿಮಗೇಂತ ಬಸ್ ಸ್ಟ್ಯಾಂಡ್ ಅಂಗಡೀಲಿ ಬೇರೆ ಕೊಡಿಸಿದ್ದಾಳೆ."

ಮೇಜಿನ ಮೇಲೆ, ಟಿ.ವಿ. ಪಕ್ಕದಲ್ಲಿ, ನೀಲಿ ಪ್ಲಾಸ್ಟಿಕ್ ಹೂವು ನಿಂತಿತ್ತು.

"ಇದಕ್ಕೆ ನೀರೂ ಬೇಡ, ನೆರಳೂ ಬೇಡ. ವಾರಕ್ಕೊಂದು ಸಲ ಧೂಳು ಒರೆಸಿದ್ರೆ ಆಯ್ತು. ಆದ್ರೆ ದಯವಿಟ್ಟು ಮನೇಲೇ ಒರೆಸಿ ಕಣ್ರೀ. ಆಫೀಸಿಗೆ ಹೊತ್ಕೊಂಡು ಹೋಗ್ಬೇಡಿ!"